ಸೇವ್ ಬಟನ್ ಇಲ್ಲದ ಐಜಿಐ

ಕಳೆದ ವಾರ ಪ್ರಾಜೆಕ್ಟ್ ಐಜಿಐ ಅನ್ನೋ ಹಳೇ ಕಂಪ್ಯೂಟರ್ ಗನ್ ಆಟ ಮತ್ತೆ ಹಾಕಿಕೊಂಡು ಕೂತೆ. ಇಪ್ಪತ್ತು ವರ್ಷ ಆಗಿರಬೇಕು ಅದನ್ನ ಮುಟ್ಟಿ. ಮೊದಲ ಹತ್ತು ನಿಮಿಷದಲ್ಲೇ ಎರಡು ಸಲ ಸತ್ತೆ. ಎರಡನೇ ಸಲ ಸತ್ತಾಗ ಕಣ್ಣು ಸೀದಾ ಗೋಡೆ ಗಡಿಯಾರದ ಕಡೆ ಹೋಯ್ತು. ಇನ್ನೆಷ್ಟು ನಿಮಿಷ ಉಳಿದಿದೆ ಅಂತ! ಕೂತಿರೋದು ನನ್ನ ಮನೆಯಲ್ಲಿ, ಗಂಟೆ ಲೆಕ್ಕ ಇಡೋರು ಯಾರೂ ಇಲ್ಲ. ನಗು ಬಂತು.

ತಿಪಟೂರಿನಲ್ಲಿ ನಾವು ಆಡುತ್ತಿದ್ದ ಸೈಬರ್ ಸೆಂಟರಿನಲ್ಲಿ ಗಂಟೆಗೆ 20 ರೂಪಾಯಿ. ಅರ್ಧ ಗಂಟೆಗೆ ಹತ್ತಲ್ಲ, ಹನ್ನೆರಡು. ಅದ್ಯಾವ ಗಣಿತವೋ ಇವತ್ತಿಗೂ ಅರ್ಥ ಆಗಿಲ್ಲ. ಐದು ಕಂಪ್ಯೂಟರ್, ಅದರಲ್ಲಿ ಎರಡರಲ್ಲಿ ಮಾತ್ರ ಐಜಿಐ ಓಡುತ್ತಿತ್ತು. ಆಡೋನು ಒಬ್ಬ, ಹಿಂದೆ ನಿಂತು ಬುದ್ಧಿ ಹೇಳೋರು ನಾಲ್ಕು ಜನ. "ಲೋ, ಟವರ್ ಮೇಲೆ ಒಬ್ಬ ಇದಾನೆ ಕಣೋ!" ಅಷ್ಟರಲ್ಲಿ ಟವರ್ ಮೇಲಿನವನು ಹೊಡೆದಾಗಿರುತ್ತಿತ್ತು.

ಗೊತ್ತಿಲ್ಲದವರಿಗೆ ಹೇಳಿಬಿಡ್ತೀನಿ. ನಾರ್ವೆಯ ಇನ್ನರ್‌ಲೂಪ್ ಸ್ಟುಡಿಯೋಸ್ ಮಾಡಿದ ಆಟ, ಬಂದಿದ್ದು 2000ದ ಕೊನೆಗೆ. ಡೇವಿಡ್ ಜೋನ್ಸ್ ಅನ್ನೋನು ಒಬ್ಬನೇ ಶತ್ರು ನೆಲೆಗಳಿಗೆ ನುಗ್ಗಬೇಕು. ಕಿವಿಯಲ್ಲಿ ಆನ್ಯಾ ಅನ್ನೋಳು ದಾರಿ ಹೇಳ್ತಾಳೆ. ಕದ್ದ ಅಣುಬಾಂಬಿನ ಕಥೆ ಏನೋ ಇದೆ, ಆಗ ನಮಗ್ಯಾರಿಗೂ ಅದು ತಲೆಗೆ ಹತ್ತಿರಲಿಲ್ಲ. ಒಟ್ಟು 14 ಮಿಷನ್. ಮಧ್ಯದಲ್ಲಿ ಸೇವ್ ಮಾಡೋ ಹಾಗಿಲ್ಲ, ಅಂದರೆ ಅಲ್ಲೀತನಕ ಆಡಿದ್ದನ್ನ ಉಳಿಸಿಕೊಳ್ಳೋಕಾಗಲ್ಲ. ಮುಕ್ಕಾಲು ಗಂಟೆ ಆಡಿ ಕೊನೇ ಬಾಗಿಲಲ್ಲಿ ಸತ್ತರೂ ಮಿಷನ್ ಮೊದಲಿಂದ.

ಆಟ ಬಂದಾಗಲೇ ಇದಕ್ಕೆ ವಿಮರ್ಶಕರು ಬೈದಿದ್ದರು. 2003ರಲ್ಲಿ ಬಂದ ಐಜಿಐ 2ರಲ್ಲಿ ಎಣಿಸಿ ಕೊಟ್ಟ ಹಾಗೆ ಕೆಲವು ಸೇವ್ ಕೊಟ್ಟರು. ನಾವೂ ಬೈದಿದ್ದೆವು, ಬೇರೆ ಕಾರಣಕ್ಕೆ. ನಮಗೆ ಸಾವು ಅಂದರೆ ದುಡ್ಡು. ಅದಕ್ಕಿಂತ ದೊಡ್ಡ ಶತ್ರು ಕರೆಂಟು. ಒಂದು ದಿನ ಅರ್ಧ ಗಂಟೆ ತೆವಳಿ, ಒಂದೂ ಅಲಾರಂ ಹೊಡೆಸದೆ ಬೇಸ್ ಒಳಗೆ ಹೋಗಿದ್ದೆ. ಟಕ್ ಅಂತ ಕತ್ತಲೆ. ಯುಪಿಎಸ್ ಕೀ ಅಂತ ಒಂದು ಸಲ ಕೂಗಿ ಅದೂ ಸತ್ತಿತು. ಸೆಂಟರ್ ಓನರ್‌ಗೆ "ಅಣ್ಣಾ, ದುಡ್ಡು ಅರ್ಧ ತಗೊಳ್ಳಿ" ಅಂದರೆ, "ಕರೆಂಟ್ ನಾನು ತೆಗೆದ್ನೇನಪ್ಪ?" ಅಂದರು. ಪೂರ್ತಿ ಕೊಟ್ಟು ಬಂದೆ.

ಈಗ ಆಡಿದ ಮೇಲೆ ನನ್ನ ಅಭಿಪ್ರಾಯ ಬದಲಾಗಿದೆ. ಸೇವ್ ಇಲ್ಲದೇ ಇರೋದೇ ಈ ಆಟದ ಜೀವ. ಸೇವ್ ಇರೋ ಆಟದಲ್ಲಿ ನಾನು ಯೋಚನೆಯೇ ಮಾಡಲ್ಲ. ನುಗ್ಗು, ಹೊಡಿ, ಸತ್ತರೆ ಲೋಡ್ ಮಾಡು. ಇಲ್ಲಿ ಒಬ್ಬ ಕಾವಲುಗಾರ ಬೆನ್ನು ತಿರುಗಿಸೋ ತನಕ ಗುಡಿಸಲ ಪಕ್ಕ ಎರಡು ನಿಮಿಷ ಕೂರ್ತೀನಿ. ಮ್ಯಾಪ್ ತೆಗೆದರೆ ಆಕಾಶದಿಂದ ನೋಡಿದ ಹಾಗೆ ಇಡೀ ಬೇಸ್ ಕಾಣುತ್ತೆ, ಸೈನಿಕರು ಇರುವೆ ಹಾಗೆ ಓಡಾಡ್ತಿರ್ತಾರೆ. ಯಾರು ಎಲ್ಲಿಂದ ಎಲ್ಲಿಗೆ ಹೋಗ್ತಾರೆ ಅಂತ ಮನಸ್ಸಲ್ಲೇ ಬರೆದುಕೊಳ್ಳಬೇಕು. ಆಮೇಲೆ ಕ್ಯಾಮೆರಾ ಆಫ್ ಮಾಡೋ ಕಂಪ್ಯೂಟರ್ ಎಲ್ಲಿದೆ ಅಂತ ಹುಡುಕಾಟ. ಗುಂಡು ಹಾರಿಸೋದಕ್ಕಿಂತ ಕಾಯೋದೇ ಜಾಸ್ತಿ.

ಇನ್ನೊಂದು, ಆಗ ಗಮನಿಸದೇ ಇದ್ದದ್ದು: ಬಯಲು. ಆ ಕಾಲದ ಗನ್ ಆಟಗಳಲ್ಲಿ ಓಣಿ, ಕೋಣೆ, ಮತ್ತೆ ಓಣಿ. ಇಲ್ಲಿ ದೂರದ ಗುಡ್ಡದ ಮೇಲೆ ಕಾಣೋ ಟವರ್ ಬರೀ ಚಿತ್ರ ಅಲ್ಲ, ನಡೆದುಕೊಂಡು ಅಲ್ಲಿಗೆ ಹೋಗಬಹುದು. ಕಾರಣ ಆಮೇಲೆ ಗೊತ್ತಾಯ್ತು. ಇದೇ ಕಂಪನಿ 1997ರಲ್ಲಿ ಜಾಯಿಂಟ್ ಸ್ಟ್ರೈಕ್ ಫೈಟರ್ ಅಂತ ಯುದ್ಧವಿಮಾನದ ಆಟ ಮಾಡಿತ್ತು, ಅದರ ಎಂಜಿನ್ನನ್ನೇ, ಅಂದರೆ ಆಟ ಓಡಿಸೋ ಮೂಲ ಸಾಫ್ಟ್‌ವೇರನ್ನೇ, ತಂದು ಇಲ್ಲಿ ಹೂಡಿದ್ದಾರೆ. ವಿಮಾನ ಹಾರಬೇಕಿದ್ದ ಭೂಮಿಯಲ್ಲಿ ನಮ್ಮನ್ನ ನಡೆಸಿದ್ದಾರೆ!

ಹಳೇದು ಅಂತ ಹೊಗಳೋಕೆ ಕೂತಿಲ್ಲ. ಸೈನಿಕರಿಗೆ ಬುದ್ಧಿ ಕಮ್ಮಿ. ಪಕ್ಕದವನು ಬಿದ್ದರೂ ಒಬ್ಬೊಬ್ಬ ಸುಮ್ನೆ ನಿಂತಿರ್ತಾನೆ. ಆದರೆ ಅಲಾರಂ ಒಂದು ಸಲ ಹೊಡಕೊಂಡರೆ ಬ್ಯಾರಕ್‌ನಿಂದ ಮದುವೆ ಊಟದ ಪಂಕ್ತಿ ಹಾಗೆ ಬರ್ತಾನೇ ಇರ್ತಾರೆ. ಏಣಿ ಹತ್ತುವಾಗ ಗನ್ ಬಳಸೋಕಾಗಲ್ಲ, ಕೆಳಗಿಂದ ಹೊಡೀತಾ ಇದ್ದರೂ ಜೋನ್ಸ್ ಸಾಹೇಬರು ನಿಧಾನಕ್ಕೆ ಒಂದೊಂದೇ ಮೆಟ್ಟಿಲು. ಆಡುವಾಗ ನಾವು ಅವರ ಕಣ್ಣಿಂದಲೇ ನೋಡ್ತಿರ್ತೀವಲ್ಲ, ಆ ಮನುಷ್ಯ ಪೂರ್ತಿ ಕಣ್ಣಿಗೆ ಬೀಳೋದೂ ಆಗಲೇ. ಅಗಲದ ಪರದೆಯಲ್ಲಿ ಸ್ವಲ್ಪ ದಪ್ಪಗೂ ಆಗಿದ್ದಾರೆ, ನನ್ನ ಹಾಗೇ.

ಮೊನ್ನೆ ಅಕ್ಕನ ಮಗ ಬಂದಿದ್ದ. "ಮಾಮ, ಸೇವ್ ಎಲ್ಲಿದೆ?" ಅಂದ. ಇಲ್ಲ ಕಣೋ ಅಂದೆ. "ಮತ್ತೆ ಸತ್ರೆ?" ಮೊದಲಿಂದ. ಅವನು ಮುಖ ಮಾತ್ರ ನೋಡಿದ. ಆಮೇಲೆ ಮೌಸ್ ಕಿತ್ತುಕೊಂಡು ಎಂಟು ಸಲ ಸತ್ತ. ಒಂಬತ್ತನೇ ಸಲ ಓಡೋದು ಬಿಟ್ಟು ಬೈನಾಕ್ಯುಲರ್ ತೆಗೆದ. ನಾನು ಏನೂ ಹೇಳಿಕೊಟ್ಟಿರಲಿಲ್ಲ.

ನಾನೀಗ ಆರನೇ ಮಿಷನ್‌ನಲ್ಲಿದ್ದೀನಿ. ನಮ್ಮ ಗುಂಪಿನಲ್ಲಿ ಒಬ್ಬ, "ಹದಿನೈದನೇ ಮಿಷನ್ ಇದೆ, ನಾನೇ ನೋಡಿದ್ದೀನಿ" ಅಂತ ದೇವರ ಮೇಲೆ ಆಣೆ ಮಾಡಿದ್ದ. ಎರಡು ವರ್ಷ ನಂಬಿದ್ದೆವು. ಈಗ ನನ್ನ ಫ್ರೆಂಡ್ಸ್ ಲಿಸ್ಟಿನಲ್ಲೇ ಇದ್ದಾನೆ, ಇದನ್ನ ಓದ್ತಾನೆ. ಏನಪ್ಪ, ಅದರಲ್ಲಿ ಏನಿತ್ತು ಅಂತ ಇವತ್ತಾದ್ರೂ ಹೇಳ್ತೀಯಾ?