ಹಾಡಿಗೆ ಎಷ್ಟು ಪಿಯಾನೋ ಬೇಕು?

ಯಾವ ವರ್ಚುವಲ್ ಪಿಯಾನೋ (ಕಂಪ್ಯೂಟರ್‌ನಲ್ಲಿ ಪಿಯಾನೋ ದನಿ ಕೊಡುವ ಸಾಫ್ಟ್‌ವೇರ್) ತಗೊಳ್ಳಲಿ ಅಂತ ಯಾರಾದರೂ ಕೇಳಿದರೆ ನಾನು ತಿರುಗಿ ಕೇಳುವುದು ಒಂದೇ. ನಿಮ್ಮ ಪಿಯಾನೋ ಒಂದೇ ನುಡಿಯುತ್ತದಾ, ಇಲ್ಲ ಯಾರದೋ ದನಿಯ ಹಿಂದೆ ಕೂರಬೇಕಾ?

ನನಗೆ ಇದು ತಡವಾಗಿ ಗೊತ್ತಾಯಿತು. ಒಂದು ಭಾವಗೀತೆಗೆ ಹತ್ತಾರು ಜಿಬಿಯ ಕನ್ಸರ್ಟ್ ಗ್ರಾಂಡ್ ಹಾಕಿದ್ದೆ. ಅದೊಂದನ್ನೇ ಕೇಳಿದರೆ ಮೈ ಜುಮ್ಮೆನ್ನುತ್ತಿತ್ತು. ತಬಲಾ, ಕೊಳಲು, ಗಾಯಕಿಯ ದನಿ ಸೇರಿದ ಮೇಲೆ ಎಲ್ಲಾ ಕಲಸಿಹೋಯಿತು, ಎಡಗೈ ಸ್ವರಗಳು ಡಗ್ಗಾದ ಜೊತೆ ಜಗಳಕ್ಕೆ ಬಿದ್ದವು, ಅದರ ರಿವರ್ಬ್, ಅಂದರೆ ಮಾರ್ದನಿ, ಸಾಹಿತ್ಯವನ್ನೇ ನುಂಗಿತು. ಭಾವಗೀತೆಯಲ್ಲಿ ಸಾಹಿತ್ಯವೇ ಕೇಳಿಸದಿದ್ದರೆ ಇನ್ನೇನು ಉಳಿಯಿತು?

ಅದನ್ನು ತೆಗೆದು ಸಾಲಮ್ಯಾಂಡರ್ ಹಾಕಿದೆ. ಪೂರ್ತಿ ಉಚಿತ. ಯಮಾಹಾ ಸಿ5 ಗ್ರಾಂಡ್ ಒಂದನ್ನು ಎರಡು ಮೈಕ್ ಇಟ್ಟು, 16 ವೆಲಾಸಿಟಿ ಲೇಯರ್‌ಗಳಲ್ಲಿ, ಅಂದರೆ ಮೆಲ್ಲಗಿನಿಂದ ಜೋರಿನವರೆಗೆ 16 ಹಂತದ ಒತ್ತಿನಲ್ಲಿ, ರೆಕಾರ್ಡ್ ಮಾಡಿದ್ದು. ಎಲ್ಲಾ 88 ಮನೆಗಳನ್ನೂ ಹಿಡಿದಿಲ್ಲ, ಮೂರು ಸೆಮಿಟೋನ್‌ಗೆ, ಅಂದರೆ ಮೂರು ಮನೆಗೆ, ಒಂದು ಅಷ್ಟೆ, ನಡುವಿನವು ಅದನ್ನೇ ಎಳೆದು ಮಾಡಿದವು. ಆದರೂ ಇಕ್ಯೂನಲ್ಲಿ (ದನಿಯ ಮಂದ್ರ, ತಾರ ಭಾಗಗಳನ್ನು ಹೆಚ್ಚುಕಡಿಮೆ ಮಾಡುವ ಸಾಧನ) ಕೆಳಗಿನ ಗುಂಯ್ ಸ್ವಲ್ಪ ಕತ್ತರಿಸಿದ ಕೂಡಲೇ ಹಾಡಿನೊಳಗೆ ಸರಿಯಾಗಿ ಕೂತಿತು.

ಪಿಯಾನೋಟೆಕ್ ಬೇರೆಯದೇ ದಾರಿ. ಫ್ರಾನ್ಸ್‌ನ ಮೊಡಾರ್ಟ್ ಕಂಪನಿ 2006ರಲ್ಲಿ ತಂದದ್ದು. ಅದರಲ್ಲಿ ರೆಕಾರ್ಡಿಂಗೇ ಇಲ್ಲ. ಸುತ್ತಿಗೆ ತಂತಿಗೆ ಬಡಿದಾಗ ತಂತಿ, ಹಲಗೆ ಹೇಗೆ ಅದುರುತ್ತವೆ ಅನ್ನುವುದನ್ನು ಆ ಕ್ಷಣದಲ್ಲೇ ಲೆಕ್ಕ ಹಾಕಿ ದನಿ ಹುಟ್ಟಿಸುತ್ತದೆ, ಅದಕ್ಕೇ ಗಿಗಾಬೈಟ್‌ಗಳ ತಲೆನೋವಿಲ್ಲ, ಹಳೆಯ ಲ್ಯಾಪ್‌ಟಾಪ್‌ಗೂ ಜಾಗದ ಚಿಂತೆಯಿಲ್ಲ. ಅರ್ಧ ಪೆಡಲ್ ಒತ್ತಿ ನೋಡಿ, ಅಲ್ಲಿ ಅದರ ಚೆಲುವು ಗೊತ್ತಾಗುತ್ತದೆ. ಆದರೆ ಒಂದೇ ಸ್ವರ ಒತ್ತಿ ಅದು ಆರುವವರೆಗೆ ಕಿವಿಕೊಟ್ಟರೆ ಒಳ್ಳೆಯ ಸ್ಯಾಂಪಲ್‌ನಲ್ಲಿ, ಅಂದರೆ ನಿಜವಾದ ಪಿಯಾನೋದ ರೆಕಾರ್ಡಿಂಗ್‌ನಲ್ಲಿ, ಇರುವ ಮರದ ವಾಸನೆ ನನಗೆ ಅಲ್ಲಿ ಸಿಗುವುದಿಲ್ಲ.

ಇನ್ನು ನೇಟಿವ್ ಇನ್‌ಸ್ಟ್ರುಮೆಂಟ್ಸ್‌ನ ನ್ವಾರ್. ಜರ್ಮನಿಯ ಪಿಯಾನೋ ವಾದಕ, ಸಂಯೋಜಕ ನಿಲ್ಸ್ ಫ್ರಾಮ್ ಅವರ ಗ್ರಾಂಡ್ ಪಿಯಾನೋವನ್ನು ಬರ್ಲಿನ್‌ನ ಫುಂಕ್‌ಹೌಸ್ ಸ್ಟುಡಿಯೋದಲ್ಲಿ ಹಿಡಿದದ್ದು. ಸುತ್ತಿಗೆಗೂ ತಂತಿಗೂ ನಡುವೆ ಫೆಲ್ಟ್ ಬಟ್ಟೆ ಬಿಟ್ಟಿರುವ ಅದರ ಇನ್ನೊಂದು ದನಿ, ಪಿಸುದನಿಯಲ್ಲಿ ಹಾಡುವ ಜೋಗುಳಕ್ಕೆ ಹೇಳಿ ಮಾಡಿಸಿದ ಹಾಗಿದೆ. ಢೋಲಕ್ ಬಂದರೆ ಮಾತ್ರ ಅದು ಇದ್ದೂ ಇಲ್ಲದ ಹಾಗೆ.

ಇಷ್ಟೆಲ್ಲಾ ಆದ ಮೇಲೂ ಜಾಸ್ತಿ ಜನ ಮರೆಯುವುದು ತಮ್ಮ ಕೀಬೋರ್ಡನ್ನು. ಬೆರಳಿನ ಒತ್ತು 1ರಿಂದ 127ರವರೆಗಿನ ಅಂಕಿಯಾಗಿ ಹೋಗುತ್ತದೆ, ಅಲ್ವಾ? ಹಗುರ ಕೀಗಳಲ್ಲಿ ಕೈ ಸ್ವಲ್ಪ ಜೋರಾದರೂ ಅದು ಸೀದಾ 110 ದಾಟುತ್ತದೆ, ಆಗ 16 ಲೇಯರ್ ಇದ್ದರೂ ನಿಮಗೆ ಕೇಳಿಸುವುದು ಮೇಲಿನ ಎರಡೋ ಮೂರೋ. ಆಗ ಸುಮ್ನೆ ಪಿಯಾನೋವನ್ನು ಬೈದು ಇನ್ನೊಂದು ಕೊಳ್ಳಬೇಡಿ. ಮೊದಲು ವೆಲಾಸಿಟಿ ಕರ್ವ್, ಅಂದರೆ ಎಷ್ಟು ಒತ್ತಿದರೆ ಯಾವ ಅಂಕಿ ಹೋಗಬೇಕು ಅನ್ನುವ ಸೆಟ್ಟಿಂಗ್, ಸರಿಮಾಡಿ. ನನ್ನ ಎಷ್ಟೋ ತಿಂಗಳ ಅಸಮಾಧಾನ ಹತ್ತು ನಿಮಿಷದಲ್ಲಿ ಹೋದದ್ದು ಹೀಗೇ.

ಪಿಯಾನೋಟೆಕ್ ಟ್ರಯಲ್ ಒಂದು ಸಲಕ್ಕೆ 20 ನಿಮಿಷ ನಡೆಯುತ್ತದೆ, ಕೆಲವು ಕೀಗಳು ಮೂಕ. ಅಷ್ಟು ಸಾಕು. ಖಾಲಿ ಪ್ರಾಜೆಕ್ಟ್‌ನಲ್ಲಿ ನುಡಿಸಿ ಮರುಳಾಗಬೇಡಿ. ಅರ್ಧ ಮುಗಿದಿರುವ ನಿಮ್ಮದೇ ಹಾಡು ತೆರೆದು, ಗಾಯಕರ ಟ್ರ್ಯಾಕ್ ಹಾಕಿಕೊಂಡು, ಅದರ ಜೊತೆಗೇ ನುಡಿಸಿ ನೋಡಿ.