ಲಾನಿಗೆ ಯೂರಿಯಾ: ಅಮೆರಿಕದ ಅಳತೆ ಬೇಕು, ಅಲ್ಲಿನ ಕ್ಯಾಲೆಂಡರ್ ಬೇಡ

ದಾವಣಗೆರೆಯಲ್ಲಿ ಮನೆ ಮುಂದಿನ ಲಾನ್ ಸ್ವಲ್ಪ ಹಳದಿಯಾದರೆ ಸಾಕು, ಗೊಬ್ಬರದ ಅಂಗಡಿಯಿಂದ ಯೂರಿಯಾ ತಂದು ಕೈಗೆ ಬಂದಷ್ಟು ಎರಚಿಬಿಡುತ್ತಾರೆ. ಕಾಳು ಗುಂಪಾಗಿ ಬಿದ್ದ ಕಡೆ ಹುಲ್ಲು ಸುಡುತ್ತದೆ, ಬೀಳದ ಕಡೆ ಹಳದಿ ಹಳದಿಯಾಗಿಯೇ ಉಳಿಯುತ್ತದೆ.

ನಾನಿರುವ ಅಮೆರಿಕದ ಮೇರಿಲ್ಯಾಂಡ್ ರಾಜ್ಯದಲ್ಲಿ ಇದಕ್ಕೆ ಕಾನೂನೇ ಇದೆ. ಲಾನಿನ ಗೊಬ್ಬರ ಮಳೆನೀರಿನ ಜೊತೆ ಚೆಸಪೀಕ್ ಕೊಲ್ಲಿ ಸೇರಿ ಪಾಚಿ ಬೆಳೆಸುವುದನ್ನು ತಡೆಯಲು 2011ರಲ್ಲಿ ಮಾಡಿದ್ದು. ಬೇಗ ಕರಗುವ ಸಾರಜನಕ ಸಾವಿರ ಚದರಡಿಗೆ ಒಂದು ಸಲಕ್ಕೆ 0.7 ಪೌಂಡ್ ಮೀರುವಂತಿಲ್ಲ. ಯೂರಿಯಾದಲ್ಲಿ ಸಾರಜನಕ ಶೇ. 46 ಇರುವುದರಿಂದ, ನೂರು ಚದರಡಿಗೆ ಹೆಚ್ಚೆಂದರೆ 69 ಗ್ರಾಂ ಯೂರಿಯಾ ಆಯಿತು. ಮೊದಲು ಜಾಗ ಅಳೆ, ಆಮೇಲೆ ಗೊಬ್ಬರ ತೂಗು ಎನ್ನುವ ಈ ಪದ್ಧತಿ ನಮ್ಮೂರಿಗೂ ಬರಬೇಕು.

ಮೇರಿಲ್ಯಾಂಡಿನ ಕ್ಯಾಲೆಂಡರ್ ಮಾತ್ರ ಬೇಡವೇ ಬೇಡ. ಅಲ್ಲಿ ಹೆಚ್ಚಾಗಿ ಬೆಳೆಸುವ ಫೆಸ್ಕ್ಯೂ, ಬ್ಲೂಗ್ರಾಸ್ ಚಳಿಗೆ ಒಗ್ಗಿದ ಹುಲ್ಲು, ಅದಕ್ಕೇ ಮುಖ್ಯ ಗೊಬ್ಬರ ಸೆಪ್ಟೆಂಬರ್ ಮೇಲೆ. ನಮ್ಮ ಗರಿಕೆ, ಮೆಕ್ಸಿಕನ್ ಹುಲ್ಲು ಬಿಸಿಲಿನವು. ಮುಂಗಾರು ಹಿಡಿದ ಮೇಲೆ ಜೂನ್‌ನಲ್ಲೊಮ್ಮೆ, ಆಗಸ್ಟ್‌ನಲ್ಲೊಮ್ಮೆ, ಅಕ್ಟೋಬರ್ ಮೊದಲಲ್ಲೊಮ್ಮೆ ಕೊಟ್ಟರೆ ಸಾಕು. ಡಿಸೆಂಬರ್, ಜನವರಿಯಲ್ಲಿ ಬೆಳವಣಿಗೆ ನಿಧಾನ, ಆಗ ಬೇಡ. ಏಪ್ರಿಲ್‌ನಲ್ಲಿ ಬೋರ್ ಕೈಕೊಟ್ಟು ಟ್ಯಾಂಕರ್ ನೀರು ತರಿಸುವಾಗಲಂತೂ ಮುಟ್ಟಲೇಬಾರದು. ನೀರಿಲ್ಲದ ಬೇರಿಗೆ ಗೊಬ್ಬರ ಬಿದ್ದರೆ ಬೇರಿನಲ್ಲಿದ್ದ ತೇವವನ್ನೂ ಅದೇ ಎಳೆದುಕೊಳ್ಳುತ್ತದೆ.

ಯಾವ ಗೊಬ್ಬರ? ಎರೆಮಣ್ಣಿನಲ್ಲಿ, ಗಡಸು ಬೋರ್ ನೀರು ಬಿಡುವ ಕಡೆ ನನ್ನ ಒಲವು ಅಮೋನಿಯಂ ಸಲ್ಫೇಟ್ ಕಡೆಗೆ. ಕ್ಷಾರದ ಮಣ್ಣಿನ ಮೇಲೆ ಯೂರಿಯಾ ಹಾಗೇ ಬಿದ್ದಿದ್ದರೆ, ಬಿಸಿಲಿಗೆ ಒಂದಷ್ಟು ಅಮೋನಿಯಾ ಆಗಿ ಗಾಳಿಗೆ ಹೋಗುತ್ತದೆ. ಸಲ್ಫೇಟ್‌ನಲ್ಲಿ ಈ ನಷ್ಟ ಸಾಮಾನ್ಯವಾಗಿ ಕಡಿಮೆ, ಜೊತೆಗೆ ಗಂಧಕವೂ ಸಿಗುತ್ತದೆ, ಮಣ್ಣನ್ನು ನಿಧಾನಕ್ಕೆ ಆಮ್ಲದ ಕಡೆಗೂ ತಿರುಗಿಸುತ್ತದೆ. ಚಿತ್ರದುರ್ಗದ ಕಡೆಯ ಕೆಂಪು ಮಣ್ಣು ಹುಳಿಯಾಗಿದ್ದರೆ ಯೂರಿಯಾವೇ ಆಗಬಹುದು. ನೂರು ಚದರಡಿಗೆ ಯೂರಿಯಾ 50 ಗ್ರಾಂ, ಸಲ್ಫೇಟ್ ಆದರೆ 110 ಗ್ರಾಂ. ಇಷ್ಟಕ್ಕಾಗಿ ಮೆಕ್ಕೆಜೋಳದ ರೈತರು ಸರದಿ ನಿಂತಿರುವಾಗ 45 ಕೆ.ಜಿ. ಯೂರಿಯಾ ಚೀಲ ತರಬೇಡಿ. ಅದಕ್ಕೆ ಸರ್ಕಾರ ಕೊಡುವ ಸಬ್ಸಿಡಿ ಇರುವುದು ಹೊಲಕ್ಕೆ.

ಹುಲ್ಲು ಕತ್ತರಿಸಿ ಎರಡು ದಿನ ಬಿಡಿ. ತೂಗಿದ ಗೊಬ್ಬರಕ್ಕೆ ನಾಲ್ಕೈದು ಪಟ್ಟು ಒಣ ಮರಳು ಬೆರೆಸಿ ಎರಡು ಪಾಲು ಮಾಡಿ. ಒಂದು ಪಾಲನ್ನು ಉದ್ದಕ್ಕೆ ನಡೆಯುತ್ತ, ಇನ್ನೊಂದನ್ನು ಅಡ್ಡಕ್ಕೆ ನಡೆಯುತ್ತ ಎರಚಿ. ಎಲೆ ಒಣಗಿರಬೇಕು. ಬೆಳಗಿನ ಇಬ್ಬನಿ ಇರುವಾಗ ಎರಚಿದರೆ ಕಾಳು ಎಲೆಗೆ ಅಂಟಿ ಅಲ್ಲೇ ಕರಗುತ್ತದೆ, ಅಂಟಿದಷ್ಟು ಜಾಗ ಕಂದಾಗುತ್ತದೆ. ಸಂಜೆ ಹೊತ್ತು ವಾಸಿ. ಕೂಡಲೇ ನೂರು ಚದರಡಿಗೆ 15 ಲೀಟರಿನ ನಾಲ್ಕು ಬಕೆಟ್ ನೀರು ಬಿಡಿ. ಜೋರು ಮಳೆ ಬರುವ ಹಾಗಿದ್ದರೆ ಆ ದಿನ ಬೇಡ, ಚರಂಡಿ ಪಾಲಾಗುತ್ತದೆ.

ಇಷ್ಟು ಮಾಡಿಯೂ ಹಳದಿ ಹೋಗದಿದ್ದರೆ ಮತ್ತೆ ಸಾರಜನಕ ಸುರಿಯುವ ಮೊದಲು ಕೂತು ಎಲೆ ನೋಡಿ. ಸಾರಜನಕ ಸಾಲದಿದ್ದರೆ ಹಳೆಯ ಎಲೆ ಮೊದಲು ಪೂರ್ತಿ ಹಳದಿಯಾಗುತ್ತದೆ. ಹೊಸ ಎಲೆ ಬಿಳಿಚಿ, ಉದ್ದದ ನರಗಳು ಮಾತ್ರ ಹಸಿರು ಗೆರೆಯಾಗಿ ಉಳಿದಿದ್ದರೆ ಅದು ಕಬ್ಬಿಣದ ಕೊರತೆ. ಎರೆಮಣ್ಣಿಗೆ ಇದು ಮಾಮೂಲು. ಲೀಟರಿಗೆ 5 ಗ್ರಾಂ ಫೆರಸ್ ಸಲ್ಫೇಟ್ ಕರಗಿಸಿ ಸಂಜೆ ಸಿಂಪಡಿಸಿ. ಕಾಂಕ್ರೀಟ್ ಮೇಲೆ ಬೀಳದಂತೆ ನೋಡಿಕೊಳ್ಳಿ, ತುಕ್ಕಿನ ಕಲೆಯಾದರೆ ಹೋಗುವುದಿಲ್ಲ.