64 ಜನ, 66 ವೋಟು

ಅಮೆರಿಕದ ಟೆಕ್ಸಾಸ್ ರಾಜ್ಯದಲ್ಲಿ ಲವಿಂಗ್ ಕೌಂಟಿ ಅಂತ ಒಂದಿದೆ. ಕೌಂಟಿ ಅಂದರೆ ನಮ್ಮ ಜಿಲ್ಲೆ ಇದ್ದ ಹಾಗೆ. 2020ರ ಜನಗಣತಿ ಪ್ರಕಾರ ಅಲ್ಲಿನ ಜನಸಂಖ್ಯೆ 64. ಅದೇ ವರ್ಷ ನವೆಂಬರಿನ ಅಧ್ಯಕ್ಷ ಚುನಾವಣೆಯಲ್ಲಿ ಅಲ್ಲಿ ಬಿದ್ದ ವೋಟು 66. ಟ್ರಂಪ್‌ಗೆ 60, ಬೈಡನ್‌ಗೆ 4, ಲಿಬರ್ಟೇರಿಯನ್ ಪಕ್ಷದವರಿಗೆ 2. ಆ 64ರಲ್ಲಿ ವೋಟಿನ ವಯಸ್ಸಾಗದ ಮಕ್ಕಳೂ ಸೇರಿರುತ್ತಾರೆ, ನೆನಪಿರಲಿ. ಜನ ಮತಗಟ್ಟೆಗೆ ಬರಲ್ಲ ಅಂತ ಊರೂರಿನ ಚುನಾವಣಾ ಅಧಿಕಾರಿಗಳು ತಲೆ ಮೇಲೆ ಕೈ ಹೊತ್ತು ಕೂತಿರುವ ಕಾಲದಲ್ಲಿ, ಹಸುಗೂಸನ್ನೂ ಲೆಕ್ಕಕ್ಕೆ ಹಿಡಿದು ಶೇಕಡಾ 103 ಮತದಾನ ಮಾಡಿ ತೋರಿಸಿದ ಜಿಲ್ಲೆ ಇದು. ಒಂದು ಸನ್ಮಾನ, ಒಂದು ಶಾಲು, ಏನೂ ಇಲ್ಲ.

ಜಾಗಕ್ಕೇನೂ ಬರ ಇಲ್ಲ. ಸುಮಾರು 1,750 ಚದರ ಕಿಲೋಮೀಟರ್. ನಮ್ಮ ಬೆಂಗಳೂರು ನಗರ ಜಿಲ್ಲೆಗಿಂತ ಸ್ವಲ್ಪ ಚಿಕ್ಕದು, ಅಷ್ಟೆ. ಭಾಗಾಕಾರ ಮಾಡಿದರೆ ತಲೆಗೆ 27 ಚದರ ಕಿಲೋಮೀಟರ್ ಸಿಗುತ್ತೆ. ಪಕ್ಕದ ಮನೆಯವರು ಟಿವಿ ಜೋರಾಗಿ ಹಾಕಿದ್ದಾರೆ ಅಂತ ಜಗಳ ಆಡೋಕೂ ಅವಕಾಶ ಇಲ್ಲ. ಉತ್ತರಕ್ಕೆ ನ್ಯೂ ಮೆಕ್ಸಿಕೋ ರಾಜ್ಯದ ಗಡಿ, ಪಶ್ಚಿಮಕ್ಕೆ ಪೇಕಸ್ ನದಿ. ನದಿ ಅಂದ ಕೂಡಲೇ ಗದ್ದೆ, ತೆಂಗಿನ ತೋಟ ಅಂತೆಲ್ಲ ಕಲ್ಪನೆ ಮಾಡಿಕೊಳ್ಳಬೇಡಿ. ನೀರು ಉಪ್ಪುಪ್ಪು. ಉಳಿದದ್ದು ಬಯಲು, ಮುಳ್ಳುಗಿಡ, ಧೂಳು. ಇಡೀ ಕೌಂಟಿಗೆ ಇರೋದು ಒಂದೇ ಊರು, ಮೆಂಟೋನ್. ಅಲ್ಲಿ 22 ಜನ. 1935ರಲ್ಲಿ ಕಟ್ಟಿದ ಕೋರ್ಟು ಕಟ್ಟಡ ಒಂದಿದೆ. ಆಸ್ಪತ್ರೆ ಇಲ್ಲ. ಶಾಲೆಯಲ್ಲಿ ಇಬ್ಬರೇ ಮಕ್ಕಳು ಉಳಿದರು ಅಂತ 1972ರಲ್ಲಿ ಅದನ್ನೂ ಪಕ್ಕದ ಕೌಂಟಿಯ ವಿಂಕ್ ಎಂಬ ಊರಿನ ಶಾಲೆಗೆ ಸೇರಿಸಿಬಿಟ್ಟರು. ಹೇಳಿಕೊಳ್ಳುವಂಥ ಸ್ಮಶಾನ ಕೂಡ ಇಲ್ಲ. ಆದ್ದರಿಂದ ಸತ್ತವರ ಹೆಸರಲ್ಲಿ ವೋಟು ಹಾಕಿದರು ಎಂಬ ದೂರು ಇಲ್ಲಿ ಬರೋದು ಕಷ್ಟ. ಇಲ್ಲಿನ ದೂರು ಬೇರೆ ಥರದ್ದು. ಬದುಕಿದ್ದಾರೆ, ಗಟ್ಟಿಮುಟ್ಟಾಗಿದ್ದಾರೆ, ಆದರೆ ಬೇರೆ ಊರಲ್ಲಿ.

ಹಾಗಂತ ಈ ಊರಲ್ಲಿ ಯಾರೂ ಓಡಾಡಲ್ಲ ಅಂದುಕೊಳ್ಳಬೇಡಿ. ಮೆಂಟೋನ್ ನಡುವೆ ಹಾದುಹೋಗುವ 302ನೇ ಹೆದ್ದಾರಿಯಲ್ಲಿ ಲಾರಿಗಳ ಸಾಲೇ ಸಾಲು. ಕಾರಣ ಎಣ್ಣೆ. ಭೂಮಿ ಮೇಲೆ ಏನೂ ಬೆಳೆಯಲ್ಲ, ಕೆಳಗೆ ಮಾತ್ರ ಕುಬೇರನ ಖಜಾನೆ. ಪರ್ಮಿಯನ್ ಬೇಸಿನ್ ಎಂಬ ದೊಡ್ಡ ತೈಲ ಪ್ರದೇಶದ ಒಳಗೇ ಕೌಂಟಿ ಕೂತಿದೆ. ಬಂಡೆ ಸೀಳಿ ಎಣ್ಣೆ ತೆಗೆಯುವ ತಂತ್ರ ಬಂದಮೇಲೆ ಟೆಕ್ಸಾಸ್‌ನಲ್ಲಿ ಅತಿ ಹೆಚ್ಚು ಎಣ್ಣೆ ತೆಗೆಯುವ ಕೌಂಟಿಗಳ ಸಾಲಿಗೆ ಇದೂ ಸೇರಿತು. ಸಾವಿರಾರು ಕೆಲಸಗಾರರು ಬರುತ್ತಾರೆ. ಸಾಲಾಗಿ ನಿಲ್ಲಿಸಿದ ಗಾಡಿಮನೆಗಳಲ್ಲಿ, ಕಂಪನಿಗಳ ಕ್ಯಾಂಪುಗಳಲ್ಲಿ ಇರುತ್ತಾರೆ. ಅಲ್ಲೇ ಉಣ್ಣುತ್ತಾರೆ, ಅಲ್ಲೇ ಮಲಗುತ್ತಾರೆ, ಅಲ್ಲಿನ ಧೂಳು ಕುಡಿಯುತ್ತಾರೆ. ಪಾಳಿ ಮುಗಿದ ಮೇಲೆ ಕೆಲವು ದಿನ ಊರಿಗೆ ಹೋಗಿ ಬರುತ್ತಾರೆ. ಜನಗಣತಿಯ ನಿಯಮ ಏನು ಹೇಳುತ್ತೆ ಅಂದರೆ, ನೀವು ಸಾಮಾನ್ಯವಾಗಿ ಎಲ್ಲಿ ವಾಸ ಇರುತ್ತೀರೋ ಅಲ್ಲಿ ನಿಮ್ಮನ್ನು ಎಣಿಸಬೇಕು. ಇವರ ಮನೆ, ಹೆಂಡತಿ ಮಕ್ಕಳು ಇನ್ನೆಲ್ಲೋ. ಹಾಗಾಗಿ ಇವರು ಅಲ್ಲಿನ ಲೆಕ್ಕಕ್ಕೆ. ಲವಿಂಗ್ ಕೌಂಟಿಯ ಕಾಗದದಲ್ಲಿ ಇವರು ಇಲ್ಲವೇ ಇಲ್ಲ.

ಈಗ ವೋಟಿಗೆ ಬನ್ನಿ. ಟೆಕ್ಸಾಸ್ ಚುನಾವಣಾ ಕಾನೂನಿನಲ್ಲಿ ನಿಮ್ಮ ವಾಸಸ್ಥಳ ಯಾವುದು ಅಂದರೆ, ಎಲ್ಲಿಗೇ ಹೋಗಿದ್ದರೂ ಕೊನೆಗೆ ವಾಪಸ್ ಬರಬೇಕು ಅಂತ ನೀವು ಮನಸ್ಸಿನಲ್ಲಿ ಇಟ್ಟುಕೊಂಡಿರುವ ನಿಮ್ಮ ಖಾಯಂ ಮನೆ. ಮನಸ್ಸಿನಲ್ಲಿ! ಎಂಥಾ ಕವಿಹೃದಯದ ಕಾನೂನು ನೋಡಿ. ಅಜ್ಜನ ಕಾಲದ ಜಮೀನು ಕೌಂಟಿಯಲ್ಲಿದೆ, ಮನೆ ಸಂಸಾರ ಎಲ್ಲಾ ನೂರಾರು ಕಿಲೋಮೀಟರ್ ಆಚೆ ನಲ್ಲಿ ನೀರು ಬರುವ ಊರಲ್ಲಿದೆ, ಆದರೂ ಒಂದಲ್ಲ ಒಂದು ದಿನ ವಾಪಸ್ ಹೋಗ್ತೀನಿ ಅಂತ ಒಳಗೊಳಗೇ ಒಂದು ಆಸೆ ಇದೆ. ಸಾಕು. ಚುನಾವಣೆಯ ದಿನ ಆ ಆಸೆ ಚಿಗುರುತ್ತೆ. ಕಾರು ಹತ್ತಿ ಬರುತ್ತಾರೆ, ವೋಟು ಹಾಕುತ್ತಾರೆ, ಸಂಜೆಯ ಹೊತ್ತಿಗೆ ಆಸೆ ಮುಂದಿನ ಚುನಾವಣೆಗೆ ಮುಂದೂಡಿಕೆ. ಹೀಗೆ ಬರುವವರು ಎಷ್ಟು ಜನ, ಅದರಲ್ಲಿ ಎಷ್ಟು ಜನರ ಆಸೆ ನಿಜವಾದದ್ದು ಅನ್ನೋ ಜಗಳ ಅಲ್ಲಿ ತಲೆಮಾರುಗಳಿಂದ ನಡೆದಿದೆ. ಕೋರ್ಟು ಮೆಟ್ಟಿಲನ್ನೂ ಹತ್ತಿದೆ. ಮನಸ್ಸಿನೊಳಗಿನ ಆಸೆಗೆ ಪಂಚನಾಮೆ ಮಾಡೋದು ಹೇಗೆ ಹೇಳಿ?

ಒಟ್ಟಿನಲ್ಲಿ ವ್ಯವಸ್ಥೆ ಇಷ್ಟು: ಅಲ್ಲಿ ಮಲಗುವವರಿಗೆ ವೋಟಿಲ್ಲ, ವೋಟಿರುವ ಹಲವರು ಅಲ್ಲಿ ಮಲಗಲ್ಲ.

ಇದು ಹೊಸ ಕಲೆ ಅಂದುಕೊಂಡರೆ ತಪ್ಪು. ಕೌಂಟಿ ಹುಟ್ಟಿದ್ದೇ ಹೀಗೆ. 1890ರ ಜನಗಣತಿಯಲ್ಲಿ ಆ ಜಾಗದಲ್ಲಿ ಇದ್ದವರು ಮೂರೇ ಜನ. 1893ರಲ್ಲಿ ಡೆನ್ವರ್ ಕಡೆಯ ಕೆಲವು ಜನ ಒಂದು ಕಾಲುವೆ ಕಂಪನಿ ಮಾಡಿಕೊಂಡು ಬಂದರು. ಪೇಕಸ್ ನದಿ ನೀರು ತಿರುಗಿಸಿ ಮರುಭೂಮಿಯನ್ನು ಹಸಿರು ಮಾಡ್ತೀವಿ ಅಂದರು. ಪಕ್ಕದ ರೀವ್ಸ್ ಕೌಂಟಿಗೆ ಒಂದು ಅರ್ಜಿ ಕೊಟ್ಟರು: ನಮಗೆ ನಮ್ಮದೇ ಕೌಂಟಿ ಬೇಕು. ಅರ್ಜಿಗೆ 150 ಮತದಾರರ ಸಹಿ! ಮೂರು ವರ್ಷದಲ್ಲಿ ಮೂರರಿಂದ 150. ಮಂಜೂರಾಯಿತು. ಜುಲೈನಲ್ಲಿ ಚುನಾವಣೆಯೂ ಆಯಿತು, ಪರವಾಗಿ 83 ವೋಟು ಬಿತ್ತು ಅಂತ ವರದಿಯೂ ಹೋಯಿತು. ಅಧಿಕಾರಿಗಳು ಆರಿಸಿ ಬಂದರು. ಹಸಿರು ಮಾತ್ರ ಬರಲಿಲ್ಲ. ಸ್ವಲ್ಪ ದಿನದಲ್ಲೇ ಗುಟ್ಟು ರಟ್ಟಾಗಿ ಅಧಿಕಾರಿಗಳು ಜಾಗ ಖಾಲಿ ಮಾಡಿದರು. 1897ರಲ್ಲಿ ರಾಜ್ಯ ಶಾಸನಸಭೆ ಆ ಕೌಂಟಿ ಆಡಳಿತವನ್ನೇ ರದ್ದು ಮಾಡಿ ಜಾಗವನ್ನು ವಾಪಸ್ ರೀವ್ಸ್ ಕೌಂಟಿಗೆ ಅಂಟಿಸಿತು. 1900ರಲ್ಲಿ ಎಣಿಸಿ ನೋಡಿದರೆ ಇದ್ದವರು 33 ಜನ. ಆಮೇಲೆ ಎಣ್ಣೆ ಸಿಕ್ಕಿತು, 1931ರಲ್ಲಿ ಮತ್ತೆ ಕೌಂಟಿ ಆಯಿತು. ಟೆಕ್ಸಾಸ್‌ನ 254 ಕೌಂಟಿಗಳಲ್ಲಿ ಎರಡು ಸಲ ಸ್ಥಾಪನೆಯಾದದ್ದು ಇದೊಂದೇ. ಮೊದಲನೇ ಸಲ ಜನರೇ ಇರಲಿಲ್ಲವಲ್ಲ, ಹಾಗಾಗಿ.

ಹೆಸರಿನ ಕಥೆಯೂ ಅಷ್ಟೇ. ಆಲಿವರ್ ಲವಿಂಗ್ ಎಂಬ ದನದ ವ್ಯಾಪಾರಿಯ ಹೆಸರು ಅದು. ಪೇಕಸ್ ನದಿ ದಂಡೆಯ ದಾರಿಯಲ್ಲಿ ಸಾವಿರಾರು ದನ ಹೊಡೆದುಕೊಂಡು ಹೋಗುತ್ತಿದ್ದವನು. 1867ರಲ್ಲಿ ಅದೇ ದಾರಿಯಲ್ಲಿ ಕೊಮಾಂಚಿ ಎಂಬ ಅಲ್ಲಿನ ಮೂಲನಿವಾಸಿಗಳ ದಾಳಿಯಲ್ಲಿ ಗಾಯಗೊಂಡು ನ್ಯೂ ಮೆಕ್ಸಿಕೋದಲ್ಲಿ ಸತ್ತ. ಶವ ಬೇರೆ ಕೌಂಟಿಗೆ ಹೋಯಿತು. ಅವನಿಗೂ ಇದು ಹಾದುಹೋಗುವ ಜಾಗ ಅಷ್ಟೆ. ಹೆಸರಿಟ್ಟವರು ಮುಂದಾಲೋಚನೆ ಮಾಡಿಯೇ ಇಟ್ಟಿರಬೇಕು.

64 ಜನಕ್ಕೆ ಎಷ್ಟು ಸರ್ಕಾರ ಬೇಕು? ನೀವು ಒಂದು ವಾಟ್ಸ್ಯಾಪ್ ಗ್ರೂಪು ಸಾಕು ಅನ್ನಬಹುದು. ಟೆಕ್ಸಾಸ್ ಸಂವಿಧಾನ 1876ರದ್ದು, ಅದಕ್ಕೆ ಅಂಥ ಸಡಿಲ ಇಲ್ಲ. ಹ್ಯೂಸ್ಟನ್ ನಗರ ಇರುವ ಹ್ಯಾರಿಸ್ ಕೌಂಟಿಯಲ್ಲಿ 47 ಲಕ್ಷ ಜನ. ಅಲ್ಲಿಗೆ ಒಬ್ಬ ಕೌಂಟಿ ಜಡ್ಜ್ (ಹೆಸರಿಗೆ ಜಡ್ಜ್, ಕೆಲಸದಲ್ಲಿ ಆಡಳಿತದ ಮುಖ್ಯಸ್ಥ), ಭಾಗಕ್ಕೊಬ್ಬರಂತೆ ಆರಿಸಿಬರುವ ನಾಲ್ಕು ಕಮಿಷನರುಗಳು. ಇಲ್ಲಿಗೂ ಒಬ್ಬ ಕೌಂಟಿ ಜಡ್ಜ್, ನಾಲ್ಕು ಕಮಿಷನರುಗಳು. ಮೇಲೆ ಶೆರಿಫ್ ಅಂದರೆ ಕೌಂಟಿಯ ಪೊಲೀಸ್ ಮುಖ್ಯಸ್ಥ, ಗುಮಾಸ್ತರು, ಖಜಾಂಚಿ, ವಕೀಲರು, ಸಣ್ಣ ಕೇಸು ನೋಡುವ ನ್ಯಾಯಾಧೀಶರು. ನಾಲ್ಕು ಕಮಿಷನರುಗಳಿಗೆ ಕೌಂಟಿಯನ್ನು ಸಮ ಪಾಲು ಮಾಡಿದರೆ ಒಬ್ಬೊಬ್ಬರಿಗೆ 16 ಪ್ರಜೆಗಳು. ಆ 16ರಲ್ಲಿ ಕಮಿಷನರ್ ತಾನು, ತನ್ನ ಮನೆಯವರು, ತನ್ನ ಎದುರಾಳಿ, ಅವನ ಮನೆಯವರು ಎಲ್ಲಾ ಬಂದರು. ಮನೆಮನೆ ಪ್ರಚಾರ ಅಂದರೆ ಊಟದ ಮೇಜಿನ ಸುತ್ತ ಒಂದು ಸುತ್ತು.

ಸುಮ್ನೆ ಸೇವಾ ಮನೋಭಾವದಿಂದ ಇಷ್ಟೆಲ್ಲ ಜಗಳ ಆಡುತ್ತಾರೆ ಅಂದುಕೊಂಡರೆ ನೀವು ಒಳ್ಳೆಯವರು. ಟೆಕ್ಸಾಸ್‌ನಲ್ಲಿ ಆದಾಯ ತೆರಿಗೆ ಇಲ್ಲ, ಕೌಂಟಿಗಳು ಬದುಕೋದು ಆಸ್ತಿ ತೆರಿಗೆಯಲ್ಲಿ. ನೆಲದಡಿಯ ಎಣ್ಣೆಯೂ ಆಸ್ತಿಯೇ. ಹಾಗಾಗಿ ಬೆರಳೆಣಿಕೆಯ ಜನರ ಕೌಂಟಿಗೆ ವರ್ಷವರ್ಷ ಬಂದು ಬೀಳುವ ದುಡ್ಡು ಕೋಟ್ಯಂತರ ಡಾಲರ್. ಕಟ್ಟುವವರು ಕಂಪನಿಗಳು, ಖರ್ಚು ಮಾಡುವವರು ಆರಿಸಿಬಂದವರು. ಕುಡಿಯುವ ನೀರಿಗೆ ಪರದಾಡಿದ ಊರಲ್ಲಿ ಚುನಾವಣೆಗೆ ನಿಲ್ಲೋರಿಗೆ ಕೊರತೆ ಬಂದಿಲ್ಲ.

ಹಿಂದೆ ಹೀಗಿರಲಿಲ್ಲ. 1945ರಲ್ಲಿ ಇಲ್ಲಿ ಎಡ್ನಾ ರೀಡ್ ಎಂಬ ಹೆಣ್ಣುಮಗಳು ಶೆರಿಫ್ ಆದರು, ಟೆಕ್ಸಾಸ್‌ನಲ್ಲಿ ಆರಿಸಿಬಂದ ಮೊದಲ ಮಹಿಳಾ ಶೆರಿಫ್. ಬಂದೂಕು ಇಟ್ಟುಕೊಳ್ಳಲಿಲ್ಲ. ಅವರ ಇಡೀ ಅವಧಿಯಲ್ಲಿ ಬಂಧನ ಆದದ್ದು ಎರಡೇ. ಯಾರನ್ನಾದರೂ ಹಿಡಿಯಬೇಕು ಅಂದರೆ ಮೊದಲು ಯಾರಾದರೂ ಇರಬೇಕಲ್ವಾ.

2022ಕ್ಕೆ ಬನ್ನಿ, ಬಂಧನಕ್ಕೆ ಬರ ಇಲ್ಲ. ಆ ವರ್ಷ ಸಾಕ್ಷಾತ್ ಕೌಂಟಿ ಜಡ್ಜೇ ದನ ಕದ್ದ ಆರೋಪದಲ್ಲಿ ಬಂಧನಕ್ಕೊಳಗಾದರು. ದಾರಿ ತಪ್ಪಿದ ದನಗಳನ್ನು ಹಿಡಿದು, ಕಾನೂನು ಪ್ರಕಾರ ಶೆರಿಫ್‌ಗೆ ಹೇಳದೆ ಮಾರಿದರು ಅನ್ನೋದು ಆರೋಪ. ತನಿಖೆಯವರು ಮೈಕ್ರೋಚಿಪ್ ಹಾಕಿದ ದನಗಳನ್ನು ಬಯಲಿಗೆ ಬಿಟ್ಟು ಕಾದಿದ್ದರಂತೆ. ಆರೋಪದ ಸತ್ಯಾಸತ್ಯ ಕೋರ್ಟಿಗೆ ಬಿಡೋಣ. ನನಗೆ ಖುಷಿಯಾದದ್ದು ಮೈಕ್ರೋಚಿಪ್ ವಿಷಯ. ಕೊನೆಗೂ ಆ ಕೌಂಟಿಯಲ್ಲಿ ಯಾರು ಎಲ್ಲಿದ್ದಾರೆ ಅಂತ ಖಚಿತವಾಗಿ ಹೇಳಬಲ್ಲ ಒಂದು ವ್ಯವಸ್ಥೆ ಬಂತು. ದನಗಳಿಗೆ ಮಾತ್ರ.

ಅದೇ ವರ್ಷ ಇನ್ನೊಂದು. ಜ್ಯೂರಿ ಕೆಲಸಕ್ಕೆ, ಅಂದರೆ ಕೋರ್ಟಿನಲ್ಲಿ ಕೂತು ಕೇಸು ಕೇಳಿ ತೀರ್ಮಾನ ಹೇಳಲು ಸಾಮಾನ್ಯ ಜನರಿಗೆ ಕರೆ ಹೋಯಿತು. ಕರೆದವರಲ್ಲಿ ಕೆಲವರು ಪಾಪ ವಿಧೇಯವಾಗಿ ಬಂದರು. ಬಂದವರನ್ನು ನೋಡಿ ಸ್ಥಳೀಯ ನ್ಯಾಯಾಧೀಶರು, ನೀವು ಈ ಕೌಂಟಿಯಲ್ಲಿ ವಾಸ ಇಲ್ಲ, ಇದ್ದೀವಿ ಅಂತ ಹೇಳಿಕೊಂಡು ಬಂದಿದ್ದೀರಿ ಅಂತ ನ್ಯಾಯಾಲಯ ನಿಂದನೆಯ ಮೇಲೆ ಬಂಧಿಸಿದರು. ಲೋಕದಲ್ಲೆಲ್ಲ ಜ್ಯೂರಿಗೆ ಬರದೆ ಹೋದರೆ ಶಿಕ್ಷೆ. ಇಲ್ಲಿ ಬಂದರೆ.

ಇಷ್ಟರಲ್ಲಿ ಆ 64 ಅನ್ನೋ ಸಂಖ್ಯೆಯಾದರೂ ಗಟ್ಟಿಯಾ? ಅಮೆರಿಕದಲ್ಲಿ ಜನಗಣತಿಯ ದಿನ ಏಪ್ರಿಲ್ 1. ನಾನು ತಮಾಷೆ ಮಾಡುತ್ತಿಲ್ಲ, ಕಾನೂನೇ ಹಾಗಿದೆ. ಅದರ ಮೇಲೆ 2020ರಲ್ಲಿ ಜನಗಣತಿ ಇಲಾಖೆ ಒಂದು ಹೊಸ ಪದ್ಧತಿ ತಂದಿತು, ಡಿಫರೆನ್ಶಿಯಲ್ ಪ್ರೈವಸಿ ಅಂತ. ಸಣ್ಣ ಊರಿನ ಅಂಕಿ ನೋಡಿ ಯಾರು ಯಾರು ಅಂತ ಪತ್ತೆ ಹಚ್ಚಬಾರದಲ್ಲ, ಅದಕ್ಕೆ ರಾಜ್ಯದ ಒಟ್ಟು ಮೊತ್ತವನ್ನು ಹಾಗೇ ಇಟ್ಟು, ಅದರ ಕೆಳಗಿನ ಕೌಂಟಿ, ಊರು, ಬೀದಿಗಳ ಅಂಕಿಗೆ ಬೇಕಂತಲೇ ಸ್ವಲ್ಪ ತಪ್ಪು ಬೆರೆಸುತ್ತಾರೆ. ಹತ್ತು ಲಕ್ಷದ ಊರಲ್ಲಿ ನಾಲ್ಕೈದು ಜನ ಆಚೀಚೆ ಆದರೆ ಯಾರಿಗೂ ತಿಳಿಯಲ್ಲ. ನೆಬ್ರಾಸ್ಕಾ ರಾಜ್ಯದ ಮೊನೊವಾಯ್ ಎಂಬ ಊರಲ್ಲಿ ತಿಳಿಯಿತು. ಅಲ್ಲಿ ಇದ್ದದ್ದು ಒಬ್ಬರೇ ಅಜ್ಜಿ. ಮೇಯರ್ ಅವರೇ, ಗ್ರಂಥಪಾಲಕಿ ಅವರೇ, ಊರಿನ ಬಾರ್ ನಡೆಸುವವರೂ ಅವರೇ. 2020ರ ಗಣತಿ ಅಲ್ಲಿ ಇಬ್ಬರಿದ್ದಾರೆ ಅಂತ ಹೇಳಿತು. ಅಜ್ಜಿ ಇನ್ನೊಬ್ಬರು ಎಲ್ಲಿ ಅಂತ ಕೇಳಿದರು. ಖಾಸಗಿತನ ಕಾಪಾಡಲು ಸೇರಿಸಿದ್ದು ಅಂತ ಉತ್ತರ ಬಂತು. ಅಂದರೆ ಯಾರೂ ಇಲ್ಲದ ಊರಲ್ಲಿ ಅಜ್ಜಿಯ ಗುರುತು ಮರೆಮಾಚಲು ಸರ್ಕಾರ ಒಬ್ಬ ಅದೃಶ್ಯ ವ್ಯಕ್ತಿಯನ್ನು ಜೊತೆಗೆ ಕೂರಿಸಿತು. ಮೊನೊವಾಯ್‌ಗೆ ಬಂದದ್ದು ಲವಿಂಗ್‌ಗೂ ಬಂದಿರಲೇಬೇಕಲ್ವಾ? ಕಾಗದದ ಮೇಲಿನ 64 ಕೂಡ ಅಂದಾಜಿನ ಮನುಷ್ಯರನ್ನು ಬೆರೆಸಿದ 64.

ಇಂಥ ಸಣ್ಣ ಸಂಖ್ಯೆ ಕಂಡರೆ ಜಾಣರಿಗೆ ಬಾಯಲ್ಲಿ ನೀರೂರದೆ ಇರುತ್ತಾ. ಒಂದು ಮದುವೆ ದಿಬ್ಬಣದ ಬಸ್ಸು ಬಂದು ನಿಂತರೆ ಸರ್ಕಾರ ಬದಲಾಗುವ ಜಾಗ ಇದು. 2006ರ ಹೊತ್ತಿಗೆ ಕೆಲವು ಲಿಬರ್ಟೇರಿಯನ್ನರು, ಸರ್ಕಾರ ಅನ್ನೋದೇ ಕಡಿಮೆ ಇರಬೇಕು ಅನ್ನುವವರು, ನಾವಿಲ್ಲಿ ಬಂದು ನೆಲೆಸಿ ಸರ್ಕಾರ ಹಿಡಿಯುತ್ತೀವಿ ಅಂತ ಯೋಜನೆ ಹಾಕಿದರು. ಶೆರಿಫ್ ಬೆನ್ನು ಹತ್ತಿದ ಮೇಲೆ ಯೋಜನೆ ಆವಿಯಾಯಿತು. 2025ರಲ್ಲಿ ಇಂಡಿಯಾನಾ ಕಡೆಯಿಂದ ಒಬ್ಬ ಬಂದು ಜಮೀನು ತೆಗೆದುಕೊಂಡು, ಬನ್ನಿ ಇಲ್ಲೇ ಇರಿ, ಪುಕ್ಕಟೆ ಮನೆ ಕೊಡ್ತೀನಿ ಅಂತ ಜನರನ್ನು ಕರೆದ. ಬಂದರು ಕೂಡ. ಗಾಡಿಮನೆ ನಿಲ್ಲಿಸಿಕೊಂಡು ಆ ಬಯಲಲ್ಲೇ ಬೀಡುಬಿಟ್ಟರು. ಕೌಂಟಿಯಲ್ಲಿ ಕೋಲಾಹಲ. ಎಲ್ಲಿಂದಲೋ ಬಂದ ಜನ, ನಮ್ಮ ಊರಿನವರೇ ಅಲ್ಲದವರು, ಬರೀ ವೋಟಿಗೋಸ್ಕರ ಇಲ್ಲಿಯ ವಿಳಾಸ ಕೊಟ್ಟು ನಮ್ಮ ಖಜಾನೆ ಮೇಲೆ ಕಣ್ಣು ಹಾಕಿದ್ದಾರೆ ಅಂತ ದೂರು. ದೂರಿನಲ್ಲಿ ಸತ್ಯ ಇರಬಹುದು. ಆದರೆ ಒಂದು ವಿಷಯದಲ್ಲಿ ಈ ಹೊಸಬರು ಹಲವು ಹಳೇ ಮತದಾರರಿಗಿಂತ ಪ್ರಾಮಾಣಿಕರು. ರಾತ್ರಿ ಅಲ್ಲೇ ಮಲಗುತ್ತಿದ್ದರು.